ವಿಯೆಟ್ನಾಂಗೆ ಗ್ರೂಪ್ ಟೂರಲ್ಲಿ ಹೋಗೋರು ಅಡ್ವಾನ್ಸ್ ಕಟ್ಟೋ ಮುಂಚೆ ಇದನ್ನ ಓದಿ

ವಿಯೆಟ್ನಾಂ ಹೋಗ್ಬರೋಣ ಅಂತ ಮನೇಲಿ ಮಾತು ಶುರುವಾಗಿ ಎರಡು ಕಡೆ ವಿಚಾರಿಸಿದ್ರೆ ಸಾಕು, ವಾಟ್ಸಾಪಲ್ಲಿ ಪಿಡಿಎಫ್ ಮೇಲೆ ಪಿಡಿಎಫ್ ಬರ್ತಾನೇ ಇರುತ್ತೆ. ಎಲ್ಲದರ ಮುಖಪುಟದಲ್ಲೂ ಕಲ್ಲಿನ ಹಾಗೆ ಕಾಣೋ ಎರಡು ಕೈ ಎತ್ತಿ ಹಿಡಿದಿರೋ ಆ ಬಂಗಾರದ ಬಣ್ಣದ ಸೇತುವೆ, ಒಳಗೆ ಅದೇ ಊರುಗಳ ಹೆಸರು, ರೇಟ್ ಮಾತ್ರ ಒಂದಕ್ಕೊಂದು ತಾಳೆ ಆಗಲ್ಲ. ಕೊನೆಗೆ ತಲೆಕೆಟ್ಟು ಕಮ್ಮಿ ಇರೋದಕ್ಕೇ ಅಡ್ವಾನ್ಸ್ ಹಾಕಿಬಿಡೋರು ತುಂಬಾ ಜನ. ನಾನು ಹೇಳೋದು ಇಷ್ಟೇ, ರೇಟ್ ಆಮೇಲೆ ನೋಡಿ, ಮೊದಲು ಇಟಿನರಿನ ಗಂಟೆ ಲೆಕ್ಕದಲ್ಲಿ ಓದಿ. ದಿನಕ್ಕೆ ಎಷ್ಟು ಹೊತ್ತು ಬಸ್ಸಲ್ಲಿ, ಎಷ್ಟು ಹೊತ್ತು ಏರ್‌ಪೋರ್ಟಲ್ಲಿ, ಎಷ್ಟು ಹೊತ್ತು ನಿಜವಾಗ್ಲೂ ಆ ಜಾಗದಲ್ಲಿ ಇರ್ತೀವಿ ಅಂತ ಒಂದು ಹಾಳೆ ಮೇಲೆ ಬರ್ಕೊಂಡ್ರೆ ಯಾವ ಪ್ಯಾಕೇಜ್ ಒಳ್ಳೇದು ಅಂತ ಯಾರನ್ನೂ ಕೇಳೋ ಅಗತ್ಯ ಬರಲ್ಲ, ಅಪ್ಪ ಅಮ್ಮನ್ನ ಜೊತೇಲಿ ಕರ್ಕೊಂಡೋಗೋರಂತೂ ಇದನ್ನ ಮಾಡ್ಲೇಬೇಕು.

ಮೊದಲು ಮ್ಯಾಪ್ ತೆಗೀರಿ

ವಿಯೆಟ್ನಾಂ ತುಂಬಾ ಉದ್ದದ ದೇಶ, ಮೇಲಿಂದ ಕೆಳಗೆ ಸಾವಿರದ ಆರುನೂರು ಕಿಲೋಮೀಟರ್ ಮೇಲೇ ಬರುತ್ತೆ, ಅಗಲ ಮಾತ್ರ ಮಧ್ಯದಲ್ಲಿ ಕೆಲವು ಕಡೆ ಐವತ್ತು ಕಿಲೋಮೀಟರೇ. ಟೂರ್‌ನೋರು ಇದನ್ನ ಮೂರು ಭಾಗ ಮಾಡ್ಕೊಂಡಿರ್ತಾರೆ. ಉತ್ತರ ಅಂದ್ರೆ ಹನೋಯ್, ಹಾ ಲಾಂಗ್ ಬೇ, ನಿನ್ ಬಿನ್. ಮಧ್ಯ ಅಂದ್ರೆ ದನಾಂಗ್, ಹೋಯಿ ಆನ್, ಬಾ ನಾ ಹಿಲ್ಸ್, ಕೆಲವರು ಹುಯೆ ಕೂಡ ಸೇರಿಸ್ತಾರೆ. ದಕ್ಷಿಣ ಅಂದ್ರೆ ಹೋ ಚಿ ಮಿನ್ ಸಿಟಿ, ಅದರ ಹಳೇ ಹೆಸರು ಸೈಗಾನ್, ಅಲ್ಲಿಯವರು ಈಗ್ಲೂ ಸೈಗಾನ್ ಅಂತಾನೇ ಅಂತಾರೆ, ಮತ್ತೆ ಅಲ್ಲಿಂದ ಯುದ್ಧದ ಕಾಲದ ಕು ಚಿ ಸುರಂಗ, ಮೆಕಾಂಗ್ ನದಿ ಕಡೆ ಒಂದೊಂದು ದಿನದ ಟ್ರಿಪ್.

ಆರು ರಾತ್ರಿ ಏಳು ಹಗಲು ಅಂತ ಹೇಳಿ ಮೂರೂ ಭಾಗ ತೋರಿಸ್ತೀವಿ ಅನ್ನೋ ಪ್ಯಾಕೇಜ್ ಬಂದ್ರೆ ಅದರೊಳಗೆ ಎರಡು ಡೊಮೆಸ್ಟಿಕ್ ಫ್ಲೈಟ್ ಇರ್ಲೇಬೇಕು. ಹನೋಯಿಂದ ದನಾಂಗ್ ಹಾರಾಟ ಒಂದೂಕಾಲು ಗಂಟೆ ಚಿಲ್ಲರೆ ಅಷ್ಟೇ, ಆದ್ರೆ ರೂಮ್ ಖಾಲಿ ಮಾಡಿ, ಲಗೇಜ್ ಎಣಿಸಿ, ಏರ್‌ಪೋರ್ಟ್ ಸೇರಿ, ಇಳಿದು, ಮತ್ತೆ ಲಗೇಜಿಗೆ ಕಾದು, ಹೊಸ ಬಸ್ ಹತ್ತೋ ಹೊತ್ತಿಗೆ ಅರ್ಧ ದಿನ ಹೋಗಿರುತ್ತೆ. ಎರಡು ಫ್ಲೈಟ್‌ಗೆ ಒಂದು ದಿನ ಪೂರ್ತಿ. ಬೆಂಗಳೂರಿಂದ ರಾತ್ರಿ ಹೊರಡೋದನ್ನೂ ಎಷ್ಟೋ ಪಿಡಿಎಫಲ್ಲಿ ಡೇ ಒನ್ ಅಂತಾನೇ ಲೆಕ್ಕ ಹಾಕಿರ್ತಾರೆ, ವಾಪಸ್ ಬರೋ ದಿನಾನೂ ಒಂದು ದಿನ. ಅಲ್ಲಿಗೆ ಏಳು ಹಗಲಲ್ಲಿ ಕೈಯಲ್ಲಿ ಉಳಿಯೋದು ನಾಲ್ಕು. ಅದಕ್ಕೇ ನನ್ನ ಅಭಿಪ್ರಾಯ ಕೇಳಿದ್ರೆ ಒಂದು ವಾರ ಮಾತ್ರ ರಜೆ ಇದ್ರೆ ಎರಡೇ ಭಾಗ ನೋಡಿ, ಉತ್ತರ ಮತ್ತೆ ಮಧ್ಯ. ಮೂರೂ ಬೇಕು ಅಂದ್ರೆ ಒಂಬತ್ತು ಹತ್ತು ದಿನದ್ದು ತಗೊಳಿ.

ಇನ್ನೊಂದು, ಬೆಳಿಗ್ಗೆ ಆರಕ್ಕೆ ಹನೋಯಲ್ಲಿ ಇಳಿದ್ರೆ ಹೋಟೆಲ್ ರೂಮ್ ಕೊಡೋದು ಮಧ್ಯಾಹ್ನ ಎರಡಕ್ಕೆ. ನಡುವೆ ಆ ಎಂಟು ಗಂಟೆ ಏನು ಮಾಡಿಸ್ತಾರೆ, ಅರ್ಲಿ ಚೆಕ್ ಇನ್ ಇದೆಯಾ, ಇಲ್ದಿದ್ರೆ ಸ್ನಾನಕ್ಕೆ ವ್ಯವಸ್ಥೆ ಏನು ಅಂತ ಕೇಳಿ. ರಾತ್ರಿ ನಿದ್ದೆ ಇಲ್ದೆ ಬಂದ ಎಪ್ಪತ್ತು ವರ್ಷದವರನ್ನ ನೇರ ಸಿಟಿ ಟೂರ್ ಅಂತ ಬಿಸಿಲಲ್ಲಿ ಸುತ್ತಿಸಿದ್ರೆ ಮುಂದಿನ ಎರಡು ದಿನ ಅವರಿಗೆ ಯಾವ್ದೂ ಬೇಡ ಅನ್ನಿಸಿಬಿಡುತ್ತೆ.

ಇಟಿನರಿ ಸಾಲುಗಳನ್ನ ಹೇಗೆ ಓದೋದು

ವಿಸಿಟ್ ಅಂತ ಬರೆದಿದ್ರೆ ಒಳಗೆ ಕರ್ಕೊಂಡು ಹೋಗ್ತಾರೆ, ಟಿಕೆಟ್ ಸೇರಿದೆಯಾ ಕೇಳಿ. ಫೋಟೋ ಸ್ಟಾಪ್ ಅಂದ್ರೆ ಹೊರಗಿಂದ ಹತ್ತು ನಿಮಿಷ. ಡ್ರೈವ್ ಪಾಸ್ಟ್, ಪನೋರಮಿಕ್ ಅಂತ ಇದ್ರೆ ಬಸ್ ನಿಲ್ಲೋದೂ ಇಲ್ಲ, ಕಿಟಕಿಯಿಂದ ನೋಡ್ಕೋಬೇಕು. ಅಟ್ ಲೀಶರ್ ಅಂದ್ರೆ ಆ ಹೊತ್ತು ನಿಮ್ಮ ಪಾಡಿಗೆ ನೀವು, ಬಸ್ಸೂ ಇಲ್ಲ ಊಟವೂ ಇಲ್ಲ. ಹೋಟೆಲ್ ಮುಂದೆ ಆರ್ ಸಿಮಿಲರ್ ಅಂತ ಹಾಕಿದ್ರೆ ಹೆಸರು ಹೇಳಿರೋ ಹೋಟೆಲ್ ಸಿಗದೇ ಇರಬಹುದು, ಸ್ಟಾರ್ ಎಷ್ಟು ಅನ್ನೋದಕ್ಕಿಂತ ಯಾವ ಏರಿಯಾ ಅಂತ ಕೇಳಿ. ಹನೋಯಲ್ಲಿ ಓಲ್ಡ್ ಕ್ವಾರ್ಟರ್ ಅಥವಾ ಹೋನ್ ಕಿಯೆಮ್ ಕೆರೆ ಹತ್ರ ಇದ್ರೆ ಸಂಜೆ ಊಟ ಆದ್ಮೇಲೆ ನೀವೇ ಹೊರಗೆ ಹೋಗಿ ಕೆರೆ ಸುತ್ತ ನಡ್ಕೊಂಡು ಬರಬಹುದು, ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಕೆರೆ ಸುತ್ತಿನ ರಸ್ತೆಗೆ ಗಾಡಿಗಳನ್ನೇ ಬಿಡಲ್ಲ, ಮಕ್ಕಳು ಆಡ್ತಿರ್ತಾರೆ, ಹಾಡೋರು ಹಾಡ್ತಿರ್ತಾರೆ, ತುಂಬಾ ಚೆನ್ನಾಗಿರುತ್ತೆ. ಊರಾಚೆ ಹೋಟೆಲ್ ಕೊಟ್ರೆ ಇದೆಲ್ಲ ತಪ್ಪುತ್ತೆ.

ಹಾ ಲಾಂಗ್ ಬೇ ವಿಷಯಕ್ಕೆ ಬಂದ್ರೆ ಡೇ ಕ್ರೂಸಾ ಓವರ್‌ನೈಟಾ ಅನ್ನೋದೇ ಮುಖ್ಯ ಪ್ರಶ್ನೆ. ಹನೋಯಿಂದ ಅಲ್ಲಿಗೆ ಎಕ್ಸ್‌ಪ್ರೆಸ್‌ವೇಲಿ ಸುಮಾರು ಎರಡೂವರೆ ಗಂಟೆ. ಡೇ ಕ್ರೂಸ್ ಅಂದ್ರೆ ಹೋಗೋಕೆ ಬರೋಕೆ ಐದು ಗಂಟೆ ಬಸ್ಸು, ನೀರ ಮೇಲೆ ನಾಲ್ಕೈದು ಗಂಟೆ, ಬೆಳಿಗ್ಗೆ ಏಳಕ್ಕೆ ಹೊರಟೋರು ಹೋಟೆಲ್ ಸೇರೋದು ಕತ್ತಲಾದ್ಮೇಲೇ. ಓವರ್‌ನೈಟ್ ಆದ್ರೆ ಸಾವಿರಾರು ಸುಣ್ಣಕಲ್ಲಿನ ಗುಡ್ಡಗಳ ಮಧ್ಯೆ ಹಡಗಲ್ಲೇ ಮಲಗಿ ಬೆಳಿಗ್ಗೆ ಎದ್ದು ನೋಡಬಹುದು. ತಲೆಗೆ ಕೆಲವು ಸಾವಿರ ಜಾಸ್ತಿ ಆಗುತ್ತೆ, ಬೇರೆ ಏನಾದ್ರೂ ಬಿಟ್ಟು ಇದಕ್ಕೆ ಕೊಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಅಲ್ಲಿ ತಿ ತೊಪ್ ಅನ್ನೋ ದ್ವೀಪದ ವ್ಯೂಪಾಯಿಂಟ್‌ಗೆ ನಾನೂರು ಮೆಟ್ಟಿಲು, ಸುಂಗ್ ಸೊತ್ ಗುಹೇಲೂ ಹತ್ತಿ ಇಳಿಯೋದು ಸಾಕಷ್ಟಿದೆ. ನಮ್ಮಮ್ಮನಿಗೆ ಮಂಡಿ ನೋವು, ತಿ ತೊಪ್ ಕೆಳಗಡೆ ಸಣ್ಣ ಬೀಚಿದೆ, ಅಲ್ಲೇ ಎಳನೀರು ಕುಡ್ಕೊಂಡು ಆರಾಮಾಗಿ ಕೂತಿದ್ರು, ಹತ್ತಿ ಬಂದೋರಿಗಿಂತ ಖುಷಿಯಾಗಿದ್ರು. ವಯಸ್ಸಾದೋರಿಗೆ ಯಾವ ಜಾಗದಲ್ಲಿ ಕೂರೋಕೆ ವ್ಯವಸ್ಥೆ ಇದೆ ಅಂತ ಗೈಡ್‌ನ ಮುಂಚೇನೇ ಕೇಳಿ ಇಟ್ಕೊಂಡ್ರೆ ಆಯ್ತು. ನಿನ್ ಬಿನ್ ಕಡೆ ಹೋದ್ರೂ ಇದೇ ಕಥೆ, ಹಾಂಗ್ ಮುವಾ ಗುಡ್ಡಕ್ಕೆ ಐನೂರರ ಹತ್ರ ಮೆಟ್ಟಿಲು, ಆದ್ರೆ ತಾಮ್ ಕೊಕ್, ಚಾಂಗ್ ಆನ್ ದೋಣಿ ಸವಾರಿಗೆ ಮೆಟ್ಟಿಲ ಕಾಟ ಕಮ್ಮಿ, ತಾಮ್ ಕೊಕಲ್ಲಿ ಹೆಂಗಸರು ಕಾಲಲ್ಲೇ ಹುಟ್ಟು ಹಾಕ್ತಾರೆ, ನೋಡೋಕೇ ಆಶ್ಚರ್ಯ.

ಇಲ್ಲಿ ನನಗೆ ತುಂಬಾ ಹೇಳ್ಬೇಕು ಅನ್ಸಿರೋ ವಿಷ್ಯ ಒಂದಿದೆ. ಮಧ್ಯ ವಿಯೆಟ್ನಾಂಗೆ ಹೋಗೋ ನಮ್ಮ ಕಡೆ ಗ್ರೂಪ್‌ಗಳಲ್ಲಿ ಹೆಚ್ಚಿನವಕ್ಕೆ ಬಾ ನಾ ಹಿಲ್ಸ್ ಇದ್ದೇ ಇರುತ್ತೆ, ಮೀ ಸನ್ ಇರಲ್ಲ. ಬಾ ನಾ ಹಿಲ್ಸ್ ಕೆಟ್ಟದ್ದು ಅಂತಲ್ಲ, ಐದು ಕಿಲೋಮೀಟರಿಗೂ ಉದ್ದದ ಕೇಬಲ್ ಕಾರ್, 2018ರಲ್ಲಿ ಶುರುವಾದ ಆ ಗೋಲ್ಡನ್ ಬ್ರಿಡ್ಜು, ಮಕ್ಕಳಿದ್ರೆ ಖುಷಿ ಪಡ್ತಾರೆ, ಮಂಜು ಮುಸುಕಿದ ದಿನ ಮಾತ್ರ ಕೈಯೂ ಕಾಣಲ್ಲ ಸೇತುವೇನೂ ಕಾಣಲ್ಲ. ಆದ್ರೆ ಮೀ ಸನ್ ಅಂದ್ರೆ ಹಿಂದೆ ಮಧ್ಯ ವಿಯೆಟ್ನಾಂ ಆಳಿದ ಚಂಪಾ ರಾಜರು ಕಟ್ಟಿಸಿದ ಶಿವನ ದೇವಸ್ಥಾನಗಳು. ನಾಲ್ಕನೇ ಶತಮಾನದಲ್ಲಿ ಭದ್ರವರ್ಮ ಅನ್ನೋ ರಾಜ ಅಲ್ಲಿ ಭದ್ರೇಶ್ವರ ಅನ್ನೋ ಹೆಸರಲ್ಲಿ ಶಿವನನ್ನ ಪ್ರತಿಷ್ಠೆ ಮಾಡಿಸಿದ, ಆಮೇಲೆ ಸುಮಾರು ಸಾವಿರ ವರ್ಷ ಒಬ್ಬರಾದ ಮೇಲೆ ಒಬ್ಬರು ಇಟ್ಟಿಗೆಯ ಗೋಪುರ ಕಟ್ಟಿಸ್ತಾ ಹೋದ್ರು, ಸಂಸ್ಕೃತ ಶಾಸನಗಳಿವೆ. 1969ರಲ್ಲಿ ಅಮೆರಿಕದ ಬಾಂಬ್ ಬಿದ್ದು ಎಷ್ಟೋ ಗೋಪುರ ಹೋಯ್ತು. 1999ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರ್ತು. ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೇ ಹೋಗಿ ಕೆಲವು ಗುಂಪಿನ ಗುಡಿಗಳ ಜೀರ್ಣೋದ್ಧಾರ ಮಾಡಿದ್ದಾರೆ, 2020ರಲ್ಲಿ ಆ ಕೆಲಸ ನಡೀತಿರುವಾಗ್ಲೇ ಒಂಬತ್ತನೇ ಶತಮಾನದ ಏಕಶಿಲೆಯ ಶಿವಲಿಂಗ ಸಿಕ್ತು. ಹಂಪಿ, ಪಟ್ಟದಕಲ್ಲು ನೋಡಿ ಬೆಳೆದೋರಿಗೆ ಅಷ್ಟು ದೂರದ ಕಾಡಿನ ಕಣಿವೇಲಿ ಯೋನಿಪೀಠ, ನಂದಿ, ಗಣಪತಿ ಕಂಡ್ರೆ ಏನನ್ಸುತ್ತೆ ಅಂತ ಹೋದೋರಿಗೇ ಗೊತ್ತು. ಹೋಯಿ ಆನ್‌ನಿಂದ ಒಂದು ಗಂಟೆ ದಾರಿ, ಬೆಳಿಗ್ಗೆ ಬೇಗ ಹೊರಟ್ರೆ ಅರ್ಧ ದಿನದಲ್ಲಿ ಮುಗಿಯುತ್ತೆ. ಬುಕ್ ಮಾಡೋ ಮುಂಚೇನೇ ಗ್ರೂಪಲ್ಲಿ ನಾಲ್ಕು ಜನ ಸೇರಿ ಇದನ್ನ ಹಾಕಿ ಅಂತ ಕೇಳಿದ್ರೆ ಎಷ್ಟೋ ಸಲ ಹಾಕಿಕೊಡ್ತಾರೆ. ಆಗಲ್ಲ ಅಂದ್ರೆ ದನಾಂಗ್ ಊರೊಳಗೇ ಚಾಮ್, ಅಂದ್ರೆ ಚಂಪಾ ಕಾಲದ, ಶಿಲ್ಪಗಳ ಮ್ಯೂಸಿಯಂ ಇದೆ, ಅಟ್ ಲೀಶರ್ ಅಂತ ಬಿಟ್ಟಿರೋ ಹೊತ್ತಲ್ಲಿ ಟ್ಯಾಕ್ಸಿ ಮಾಡ್ಕೊಂಡು ಹೋಗಿ ಬನ್ನಿ.

ಹೋಯಿ ಆನ್ ಸಂಜೆಗೇ ಹೋಗ್ಬೇಕು, ಲಾಟೀನು ಹಚ್ಚೋ ಹೊತ್ತಿಗೆ. ದನಾಂಗಲ್ಲಿ ಹೋಟೆಲ್ ಕೊಟ್ಟಿದ್ರೆ ಮೂವತ್ತು ಕಿಲೋಮೀಟರ್ ವಾಪಸ್ ಬರ್ಬೇಕು, ಎಂಟು ಗಂಟೆಗೇ ಬಸ್ ಹತ್ತಿ ಅಂತಾರೆ, ಹಾಗಾಗಿ ಹೋಯಿ ಆನಲ್ಲೇ ಒಂದು ರಾತ್ರಿ ಇರೋ ಪ್ಯಾಕೇಜ್ ಸಿಕ್ಕಿದ್ರೆ ಬಿಡ್ಬೇಡಿ.

ಯಾವಾಗ ಹೋಗೋದು

ನಮ್ಮ ರಜೆಗೂ ಅಲ್ಲಿಯ ಮಳೆಗೂ ಸ್ವಲ್ಪ ಜಗಳ ಇದೆ. ದಸರಾ ದೀಪಾವಳಿ ರಜೆ ಅಂತ ನಾವು ಹೊರಡೋ ಅಕ್ಟೋಬರ್ ನವೆಂಬರಲ್ಲೇ ಮಧ್ಯ ವಿಯೆಟ್ನಾಂಗೆ ಜೋರು ಮಳೆ, 2025ರ ಅಕ್ಟೋಬರ್ ಕೊನೇಲಿ ಹುಯೆ, ಹೋಯಿ ಆನ್ ಎರಡೂ ಊರೊಳಗೆ ನೀರು ನುಗ್ಗಿ ಜನ ದೋಣೀಲಿ ಓಡಾಡೋ ಹಾಗಾಗಿತ್ತು. ಆ ತಿಂಗಳಲ್ಲೇ ಹೋಗ್ಬೇಕು ಅಂದ್ರೆ ಉತ್ತರ ಮಾತ್ರ ನೋಡಿ, ಹನೋಯ್ ಕಡೆ ಆಗ ಹವಾ ಬಹಳ ಚೆನ್ನಾಗಿರುತ್ತೆ. ಕ್ರಿಸ್‌ಮಸ್ ರಜೇಲಿ ದಕ್ಷಿಣ ಒಳ್ಳೇದು, ಉತ್ತರದಲ್ಲಿ ಚಳಿ, ಸ್ವೆಟರ್ ಬೇಕೇ ಬೇಕು, ಬೆಂಗಳೂರಿನ ಚಳಿ ಅಂದ್ಕೊಂಡು ಹೋಗ್ಬೇಡಿ, ಹನೋಯಲ್ಲಿ ಮೋಡ ಮುಸುಕಿ ತೇವದ ಚಳಿ ಇರುತ್ತೆ. ಮಾರ್ಚ್ ಏಪ್ರಿಲ್ ಮೂರೂ ಕಡೆಗೂ ಪರವಾಗಿಲ್ಲ ಅನ್ನೋ ತಿಂಗಳು. ಮಕ್ಕಳ ಬೇಸಿಗೆ ರಜೇಲಿ ಹೋಗೋರು ಏಪ್ರಿಲ್ 30, ಮೇ 1 ಆಸುಪಾಸು ತಪ್ಪಿಸಿ, ಅದು ಅವರ ದೇಶದ ದೊಡ್ಡ ರಜೆ, ಎಲ್ಲಿ ನೋಡಿದ್ರೂ ಜನ.

ಚಾಂದ್ರಮಾನ ಹೊಸವರ್ಷ ತೆತ್ ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದೊಳಗೆ ಬರುತ್ತೆ, ಒಂದೊಂದು ವರ್ಷ ಸ್ವಲ್ಪ ಮುಂದೆ ಹೋಗುತ್ತೆ, ಆಗ ಅಂಗಡಿ ಹೋಟೆಲ್ ಎಲ್ಲ ಬಾಗಿಲು ಹಾಕಿ ಜನ ಊರಿಗೆ ಹೋಗಿರ್ತಾರೆ, ಟಿಕೆಟ್ ರೇಟ್ ಮೇಲೇರಿರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾ ಲಾಂಗ್ ಕಡೆ ಬಿರುಗಾಳಿ ಕಾಲ. 2025ರ ಜುಲೈ 19ರಂದು ಅಲ್ಲಿ ಇದ್ದಕ್ಕಿದ್ದ ಹಾಗೆ ಬಂದ ಗಾಳಿಮಳೆಗೆ ಪ್ರವಾಸಿಗರ ದೋಣಿ ಮಗುಚಿ ಮೂವತ್ತಕ್ಕೂ ಹೆಚ್ಚು ಜನ ತೀರಿಕೊಂಡ್ರು. ಹಾಗಾಗಿ ಬಂದರಿನೋರು ಇವತ್ತು ಕ್ರೂಸ್ ಇಲ್ಲ ಅಂದ್ರೆ ಟೂರ್ ಮ್ಯಾನೇಜರ್ ಮೇಲೆ ಕೂಗಾಡ್ಬೇಡಿ. ಕ್ರೂಸ್ ಕ್ಯಾನ್ಸಲ್ ಆದ್ರೆ ದುಡ್ಡು ವಾಪಸ್ಸಾ, ಬದಲಿಗೆ ಏನು ತೋರಿಸ್ತಾರೆ ಅನ್ನೋದನ್ನ ಬುಕ್ ಮಾಡುವಾಗ್ಲೇ ಬರವಣಿಗೇಲಿ ತಗೊಳಿ. ದೋಣಿ ಹತ್ತಿದ ತಕ್ಷಣ ಲೈಫ್ ಜಾಕೆಟ್ ಎಲ್ಲಿದೆ ಅಂತ ನೋಡ್ಕೊಳಿ, ಸಣ್ಣ ದೋಣೀಲಿ ಸೆಲ್ಫಿಗೆ ಅಂತ ಬಿಚ್ಚಬೇಡಿ.

ರೇಟ್‌ನೊಳಗೆ ಏನಿದೆ ಏನಿಲ್ಲ

ಎರಡು ಪ್ಯಾಕೇಜ್ ಹೋಲಿಸೋಕೆ ಕೂತಾಗ ಇನ್‌ಕ್ಲೂಷನ್ ಅಲ್ಲ, ಎಕ್ಸ್‌ಕ್ಲೂಷನ್ ಪಟ್ಟಿನ ಪಕ್ಕ ಪಕ್ಕ ಇಟ್ಟು ಓದಿ. ಅಲ್ಲಿ ಸಾಮಾನ್ಯವಾಗಿ ಇರೋದು ಇವು: ವೀಸಾ ಫೀಸು, ಇನ್ಶೂರೆನ್ಸ್, ಜಿಎಸ್‌ಟಿ, ಟಿಸಿಎಸ್ (ಟೂರ್ ಮಾರುವಾಗ್ಲೇ ಮುಂಗಡವಾಗಿ ಕಟ್ಟಿಸ್ಕೊಳ್ಳೋ ಇನ್‌ಕಮ್ ಟ್ಯಾಕ್ಸ್), ಗೈಡ್ ಡ್ರೈವರ್ ಟಿಪ್ಸು, ಕೆಲವು ಹೊತ್ತಿನ ಊಟ, ಡೊಮೆಸ್ಟಿಕ್ ಫ್ಲೈಟಿನ ಚೆಕ್ ಇನ್ ಲಗೇಜು, ಆಮೇಲೆ ಆಪ್ಷನಲ್ ಟೂರ್ ಅಂತ ಇನ್ನೊಂದು ಪಟ್ಟಿ. ಟಿಪ್ಸ್ ಅಂದ್ರೆ ಇಷ್ಟಬಂದಷ್ಟು ಕೊಡೋದು ಅಂತ ತಿಳ್ಕೋಬೇಡಿ, ತಲೆಗೆ ದಿನಕ್ಕೆ ಇಷ್ಟು ಡಾಲರ್ ಅಂತ ಮುಂಚೇನೇ ಹಾಕಿರ್ತಾರೆ, ನಾಲ್ಕು ಜನದ ಮನೆಗೆ ವಾರಕ್ಕೆ ಅದೇ ಒಳ್ಳೆ ಮೊತ್ತ ಆಗುತ್ತೆ. ಇವನ್ನೆಲ್ಲ ಎರಡೂ ಕಡೆ ಸೇರಿಸಿ ಕೂಡಿಸಿದ್ಮೇಲೆ ಕಮ್ಮಿ ರೇಟಿಂದೇ ದುಬಾರಿ ಆಗಿರೋದು ನಾನು ನೋಡಿದ್ದೀನಿ.

ಇನ್ನು ಕೇಳ್ಬೇಕಾದ ಪ್ರಶ್ನೆಗಳು. ಬಸ್ಸಲ್ಲಿ ಎಷ್ಟು ಜನ? ಹದಿನೈದು ಇಪ್ಪತ್ತು ಜನದ ಗ್ರೂಪಿಗೂ ನಲವತ್ತರ ಗ್ರೂಪಿಗೂ ಬಹಳ ವ್ಯತ್ಯಾಸ, ನಲವತ್ತು ಜನ ಟಾಯ್ಲೆಟ್ಟಿಗೆ ಹೋಗಿ ಬರೋಕೇ ಅರ್ಧ ಗಂಟೆ. ಟೂರ್ ಮ್ಯಾನೇಜರ್ ಇಲ್ಲಿಂದ್ಲೇ ಜೊತೆಗೆ ಬರ್ತಾರಾ ಅಥವಾ ಅಲ್ಲಿ ಊರೂರಿಗೆ ಬೇರೆ ಗೈಡಾ? ಕನ್ನಡ ಮಾತಾಡೋ ಮ್ಯಾನೇಜರ್ ಬೇಕು ಅಂದ್ರೆ ಕೇಳಿ, ಇಂಗ್ಲಿಷ್ ಹಿಂದಿ ಬಾರದ ಹಿರಿಯರಿಗೆ ಅದಕ್ಕಿಂತ ದೊಡ್ಡ ಸೌಕರ್ಯ ಇಲ್ಲ. ಜನ ಕಮ್ಮಿ ಆದ್ರೆ ಡೇಟ್ ಬದಲಾಯಿಸ್ತಾರಾ, ಬೇರೆ ಕಂಪನಿ ಗ್ರೂಪಿಗೆ ಸೇರಿಸ್ತಾರಾ? ಫ್ಲೈಟ್ ಡೈರೆಕ್ಟಾ ಅಥವಾ ಬ್ಯಾಂಕಾಕ್, ಕ್ವಾಲಾಲಂಪುರ ಮೇಲೆ ಹೋಗೋದಾ, ಕಾಯೋದು ಎಷ್ಟು ಗಂಟೆ? ಒಬ್ಬರೇ ಹೋಗೋರಾದ್ರೆ ಸಿಂಗಲ್ ರೂಮಿಗೆ ಎಷ್ಟು ಜಾಸ್ತಿ, ಬೇರೆಯವರ ಜೊತೆ ಟ್ವಿನ್ ಶೇರಿಂಗ್ ಕೊಡ್ತಾರಾ? ಟ್ರಿಪಲ್ ಶೇರಿಂಗ್ ಅಂದ್ರೆ ಮೂರನೇ ಮಂಚನಾ ಬರೀ ಹಾಸಿಗೆನಾ? ಉತ್ತರ ಎಲ್ಲ ಫೋನಲ್ಲಿ ಕೇಳ್ಕೊಂಡು ಸುಮ್ನಾಗ್ಬೇಡಿ, ಒಂದು ಮೇಲ್ ಅಥವಾ ವಾಟ್ಸಾಪ್ ಮೆಸೇಜಲ್ಲಿ ಬರೆಸ್ಕೊಳಿ. ಅಡ್ವಾನ್ಸನ್ನ ಕಂಪನಿ ಅಕೌಂಟಿಗೇ ಹಾಕಿ ರಸೀದಿ ತಗೊಳಿ, ಯಾರೋ ಒಬ್ಬರ ಸ್ವಂತ ನಂಬರಿಗೆ ಯುಪಿಐ ಮಾಡ್ಬೇಡಿ. ಕ್ಯಾನ್ಸಲ್ ಮಾಡಿದ್ರೆ ಎಷ್ಟು ದಿನ ಮುಂಚೆಗೆ ಎಷ್ಟು ಕಟ್ ಅನ್ನೋ ಪಟ್ಟಿನೂ ಕೇಳಿ ಇಟ್ಕೊಳಿ.

ಪಾಸ್‌ಪೋರ್ಟ್, ವೀಸಾ

ಪಾಸ್‌ಪೋರ್ಟ್ ಹೋಗೋ ದಿನದಿಂದ ಕನಿಷ್ಠ ಆರು ತಿಂಗಳು ಚಾಲ್ತಿ ಇರ್ಬೇಕು, ಇವತ್ತೇ ತೆಗೆದು ನೋಡಿ. ವೀಸಾ ಆನ್‌ಲೈನ್, ಇ-ವೀಸಾ, 2023ರ ಆಗಸ್ಟ್ 15ರಿಂದ 90 ದಿನದವರೆಗೂ ಕೊಡ್ತಿದ್ದಾರೆ, ಒಂದು ಸಲ ಒಳಗೆ ಹೋಗೋಕೆ 25 ಡಾಲರ್, ಹೋಗಿ ಬಂದು ಮಾಡೋದಕ್ಕೆ 50 ಡಾಲರ್. ವಿಯೆಟ್ನಾಂ ಜೊತೆ ಕಾಂಬೋಡಿಯಾ ಸೇರಿರೋ ಟೂರ್ ಆಗಿ ಮತ್ತೆ ವಿಯೆಟ್ನಾಂಗೇ ವಾಪಸ್ ಬಂದು ಹೊರಡೋದಾದ್ರೆ ಮಲ್ಟಿಪಲ್ ಎಂಟ್ರಿ ಬೇಕು, ಇದನ್ನ ಮರೀಬೇಡಿ. ಹುಡುಕಿದ್ರೆ ಸರ್ಕಾರದ ಸೈಟಿನ ಹಾಗೇ ಕಾಣೋ ಖಾಸಗಿ ಸೈಟುಗಳು ಮೇಲೆ ಬರ್ತವೆ, ಅವು ಎರಡು ಮೂರು ಪಟ್ಟು ದುಡ್ಡು ತಗೊಳ್ತವೆ. ನಿಜವಾದ ಸೈಟಿನ ವಿಳಾಸ ಡಾಟ್ ಗವ್ ಡಾಟ್ ವಿಎನ್ ಅಂತ ಮುಗಿಯುತ್ತೆ. ಫೂ ಕ್ವಾಕ್ ದ್ವೀಪಕ್ಕೆ ಮಾತ್ರ ನೇರ ಹೋಗಿ ಅಲ್ಲಿಂದ್ಲೇ ವಾಪಸ್ ಬರೋರಿಗೆ 30 ದಿನ ವೀಸಾನೇ ಬೇಡ.

ಟೂರ್‌ನೋರೇ ಅರ್ಜಿ ಹಾಕಿದ್ರೂ ವೀಸಾ ಬಂದ ಮೇಲೆ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಒಳಗೆ ಹೋಗೋ ದಿನ ಒಂದೊಂದನ್ನೂ ನೀವೇ ಕೂತು ತಾಳೆ ನೋಡಿ, ಒಂದಕ್ಷರ ತಪ್ಪಿದ್ರೂ ಬೆಂಗಳೂರಲ್ಲೇ ಬೋರ್ಡಿಂಗ್ ಪಾಸ್ ಕೊಡದೆ ನಿಲ್ಲಿಸಬಹುದು. ನಮ್ಮ ಕಡೆ ಹಳಬರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇರೋದು ಬಹಳ, ಇನಿಷಿಯಲ್ ಬಿಡಿಸಿ ಬರೆದಿರೋದು ಒಂದು ಕಡೆ, ಬಿಡಿಸದೆ ಇರೋದು ಇನ್ನೊಂದು ಕಡೆ. ಟಿಕೆಟ್ ಮತ್ತೆ ವೀಸಾ ಎರಡರಲ್ಲೂ ಪಾಸ್‌ಪೋರ್ಟಲ್ಲಿ ಇರೋ ಹಾಗೇ ಹೆಸರು ಬರ್ಬೇಕು, ಆಧಾರ್ ನೋಡಿ ಟಿಕೆಟ್ ಮಾಡ್ಬೇಡಿ ಅಂತ ಬುಕಿಂಗ್ ದಿನವೇ ಒತ್ತಿ ಹೇಳಿ. ವೀಸಾ ಕಾಪಿ ಪ್ರತಿಯೊಬ್ಬರ ಕೈಲೂ ಪ್ರಿಂಟ್ ಇರ್ಲಿ, ಫೋನ್ ನಂಬ್ಕೋಬೇಡಿ.

ಇನ್ಶೂರೆನ್ಸ್ ಮಾಡಿಸುವಾಗ ಬಿಪಿ ಶುಗರ್ ಇದ್ರೆ ಮುಚ್ಚಿಡದೆ ಹೇಳಿ, ಹೇಳದೆ ಇದ್ರೆ ಬೇಕಾದ ಹೊತ್ತಲ್ಲಿ ಕ್ಲೇಮ್ ನಿಲ್ಲಲ್ಲ. ಮಾತ್ರೆಗಳು ಚೀಟಿ ಸಮೇತ ಹ್ಯಾಂಡ್ ಬ್ಯಾಗಲ್ಲೇ ಇರ್ಲಿ.

ದುಡ್ಡು

ಅಲ್ಲಿಯ ದುಡ್ಡು ಡಾಂಗ್, ಸೊನ್ನೆಗಳು ನೋಡಿ ಗಾಬರಿ ಆಗ್ಬೇಡಿ. ಒಂದು ಲಕ್ಷ ಡಾಂಗ್ ಅಂದ್ರೆ ನಮ್ಮ ಮುನ್ನೂರು ಮುನ್ನೂರೈವತ್ತು ರೂಪಾಯಿ ಆಸುಪಾಸು, ಇದೊಂದು ನೆನಪಿಟ್ಕೊಂಡ್ರೆ ಸಾಕು. ಅಂಗಡೀಲಿ 50ಕೆ ಅಂತ ಬರೆದಿದ್ರೆ ಐವತ್ತು ಸಾವಿರ. ಇಪ್ಪತ್ತು ಸಾವಿರದ ನೋಟು, ಐದು ಲಕ್ಷದ ನೋಟು ಎರಡೂ ನೀಲಿ, ರಾತ್ರಿ ಮಾರ್ಕೆಟ್ಟಿನ ದೀಪದಲ್ಲಿ ಒಂದೇ ಥರ ಕಾಣ್ತವೆ. ಇಪ್ಪತ್ತು ಸಾವಿರದ್ದರ ಹಿಂದೆ ಹೋಯಿ ಆನ್‌ನ ಜಪಾನೀ ಸೇತುವೆ ಚಿತ್ರ ಇದೆ, ಅದೇ ಗುರುತು. ಐದು ಲಕ್ಷದ ನೋಟುಗಳನ್ನ ಪರ್ಸಿನ ಬೇರೆ ಖಾನೇಲೇ ಇಡಿ.

ಬೆಂಗಳೂರಲ್ಲಿ ಡಾಂಗ್ ಹುಡ್ಕೋದಕ್ಕಿಂತ ಅಮೆರಿಕನ್ ಡಾಲರ್ ತಗೊಂಡು ಹೋಗಿ ಅಲ್ಲಿ ಬದಲಾಯಿಸೋದು ಲಾಭ. ನೋಟು ಹೊಸದಿರ್ಲಿ, ಮಡಚಿದ್ದು, ಹರಿದದ್ದು, ಪೆನ್ನಲ್ಲಿ ಗೀಚಿದ್ದು ತಗೊಳ್ಳಲ್ಲ, ನೂರರ ನೋಟಿಗೆ ಸಣ್ಣ ನೋಟಿಗಿಂತ ಒಳ್ಳೆ ರೇಟ್ ಕೊಡ್ತಾರೆ. ಐದು ಸಾವಿರ ಡಾಲರ್ ಮೇಲೆ ಒಯ್ದ್ರೆ ಇಳಿದಾಗ ಡಿಕ್ಲೇರ್ ಮಾಡ್ಬೇಕು, ಟೂರಿಗೆ ಯಾರಿಗೂ ಅಷ್ಟು ಬೇಕಾಗಲ್ಲ ಬಿಡಿ. ಜೊತೆಗೆ ಒಂದು ಫಾರೆಕ್ಸ್ ಕಾರ್ಡ್ ಇಟ್ಕೊಳಿ.

ಊಟ

ಸಸ್ಯಾಹಾರಿಗಳಿಗೆ ಇದೇ ದೊಡ್ಡ ಚಿಂತೆ. ಗ್ರೂಪ್ ಟೂರಲ್ಲಿ ಮಧ್ಯಾಹ್ನ ರಾತ್ರಿ ಹೆಚ್ಚಾಗಿ ಇಂಡಿಯನ್ ರೆಸ್ಟೋರೆಂಟಿಗೇ ಕರ್ಕೊಂಡು ಹೋಗ್ತಾರೆ, ಹನೋಯ್, ದನಾಂಗ್, ಸೈಗಾನ್ ಮೂರೂ ಕಡೆ ಇವೆ, ಆದ್ರೆ ಸಿಗೋದು ಉತ್ತರ ಭಾರತದ ಊಟ, ದಾಲ್, ಪನೀರ್, ರೋಟಿ. ಸಾರು ಅನ್ನ ಇಲ್ದೆ ಆಗಲ್ಲ ಅನ್ನೋರು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಗ್ಗರಣೆ ಹಾಕಿದ ಅವಲಕ್ಕಿ, ಕೋಡುಬಳೆ ತಗೊಂಡು ಹೋಗಿ, ಹೋಟೆಲ್ ರೂಮಲ್ಲಿ ಕೆಟಲ್ ಇರುತ್ತೆ, ಬಿಸಿನೀರಿಗೆ ತೊಂದ್ರೆ ಇಲ್ಲ. ಉಪ್ಪಿನಕಾಯಿ, ತುಪ್ಪ ಚೆಕ್ ಇನ್ ಲಗೇಜಿಗೆ, ಸೋರದ ಹಾಗೆ ಕಟ್ಟಿ. ಒಣಕೊಬ್ಬರಿ ಗಿಟಕು ಮಾತ್ರ ಚೆಕ್ ಇನ್ ಲಗೇಜಲ್ಲಿ ಬಿಡಲ್ಲ, ಅದರಲ್ಲಿ ಎಣ್ಣೆ ಇರೋದ್ರಿಂದ ಬೆಂಕಿ ಹತ್ತೋ ವಸ್ತು ಅಂತ ಲೆಕ್ಕ. ಹಾ ಲಾಂಗ್ ಕ್ರೂಸಲ್ಲಿ ವೆಜ್ ಊಟ ಮುಂಚೆ ಹೇಳಿದ್ರೆ ಮಾತ್ರ ಮಾಡಿಡ್ತಾರೆ, ಈರುಳ್ಳಿ ಬೆಳ್ಳುಳ್ಳಿ ತಿನ್ನದೋರು ಇದ್ರೆ ಅದನ್ನ ಬುಕಿಂಗ್ ಫಾರಮ್ಮಲ್ಲೇ ಬರೆಸಿ.

ಆದ್ರೆ ಎಲ್ಲ ಹೊತ್ತೂ ದಾಲ್ ತಿಂದು ಬರ್ಬೇಡಿ ಅನ್ನೋದು ನನ್ನ ಕಳಕಳಿ. ಅಲ್ಲಿ ಬೌದ್ಧರು ಹುಣ್ಣಿಮೆ ಅಮಾವಾಸ್ಯೆ ದಿನ ಮಾಂಸ ಬಿಡೋ ಪದ್ಧತಿ ಇದೆ, ಹಾಗಾಗಿ ಊರೂರಲ್ಲೂ ಸಸ್ಯಾಹಾರಿ ಹೋಟೆಲ್‌ಗಳಿವೆ, ಬೋರ್ಡಿನ ಮೇಲೆ ಚಾಯ್ (Chay) ಅಂತ ಬರೆದಿರುತ್ತೆ, ಟೀ ಅಲ್ಲ, ಸಸ್ಯಾಹಾರ ಅಂತ ಅರ್ಥ, ತೋಫು, ಅಣಬೆ, ಸೊಪ್ಪು, ಅಕ್ಕಿ ಶಾವಿಗೆ ಎಲ್ಲ ತುಂಬಾ ರುಚಿ, ದುಡ್ಡೂ ಕಮ್ಮಿ. ಬೇರೆ ಹೋಟೆಲಲ್ಲಿ ಬರೀ ತರಕಾರಿ ಅಂತ ಕೇಳಿದ್ರೆ ಮೀನಿನ ಸಾಸ್ ಹಾಕಿಬಿಡ್ತಾರೆ, ಅವರಿಗೆ ಅದು ನಮ್ಮ ಉಪ್ಪಿದ್ದ ಹಾಗೆ. ಆನ್ ಚಾಯ್, ಮೀನಿನ ಸಾಸೂ ಬೇಡ, ಮೊಟ್ಟೆನೂ ಬೇಡ ಅಂತ ಅವರ ಭಾಷೇಲಿ ಗೈಡ್ ಹತ್ರ ಒಂದು ಚೀಟಿ ಬರೆಸ್ಕೊಂಡು ಫೋನಲ್ಲಿ ಫೋಟೋ ಇಟ್ಕೊಳಿ. ಕಾಫಿ ಅಂತೂ ಕುಡೀಲೇಬೇಕು, ಜಗತ್ತಲ್ಲಿ ಬ್ರೆಜಿಲ್ ಬಿಟ್ರೆ ಅತಿ ಹೆಚ್ಚು ಕಾಫಿ ಬೆಳೆಯೋದು ವಿಯೆಟ್ನಾಮೇ, ಹೆಚ್ಚಿನದು ರೊಬಸ್ಟಾ, ಗ್ಲಾಸಿನ ಮೇಲೆ ಸಣ್ಣ ಫಿಲ್ಟರ್ ಇಟ್ಟು ಕಂಡೆನ್ಸ್ಡ್ ಮಿಲ್ಕ್ ಮೇಲೆ ತೊಟ್ಟು ತೊಟ್ಟಾಗಿ ಇಳಿಸಿ ಕೊಡ್ತಾರೆ. ಕೊಡಗು ಚಿಕ್ಕಮಗಳೂರಿನ ಬೆಳೆಗಾರರು ಹೋದ್ರೆ ಹನೋಯ್ ಗಲ್ಲಿಗಳ ಕಾಫಿ ಅಂಗಡೀಲಿ ಒಂದು ಸಂಜೆ ಕಳೀಲಿ. ಎಗ್ ಕಾಫಿ ಅಂತ ಬೇರೆ ಇದೆ, ಅದರಲ್ಲಿ ನಿಜವಾಗ್ಲೂ ಮೊಟ್ಟೆ ಇರುತ್ತೆ.

ಲಗೇಜು, ಫೋನು

ಅಂತಾರಾಷ್ಟ್ರೀಯ ಫ್ಲೈಟಲ್ಲಿ ಎಷ್ಟು ಕಿಲೋ ಅನ್ನೋದು ಒಂದು, ವಿಯೆಟ್ನಾಂ ಒಳಗಿನ ಫ್ಲೈಟಲ್ಲಿ ಎಷ್ಟು ಅನ್ನೋದು ಇನ್ನೊಂದು, ಎರಡರಲ್ಲಿ ಕಮ್ಮಿ ಯಾವ್ದೋ ಅದೇ ನಿಮ್ಮ ಲಿಮಿಟ್. ಕ್ಯಾಬಿನ್ ಬ್ಯಾಗ್ ಏಳು ಕಿಲೋ ಅಂದ್ರೆ ಏಳೇ, ಅಲ್ಲಿಯ ಬಜೆಟ್ ಏರ್‌ಲೈನಲ್ಲಿ ಗೇಟಲ್ಲೂ ತೂಕ ಹಾಕ್ತಾರೆ. ಪವರ್ ಬ್ಯಾಂಕ್ ಹ್ಯಾಂಡ್ ಬ್ಯಾಗಲ್ಲೇ ಇರ್ಬೇಕು. ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿ ಹೆಚ್ಚಿನ ಕಡೆ ಹಿಡಿಯುತ್ತೆ, ಮೂರು ಪಿನ್ನಿಂದು ಹಿಡಿಯಲ್ಲ. ದೇವಸ್ಥಾನ, ಪಗೋಡಾಗಳಿಗೆ ಭುಜ ಮಂಡಿ ಮುಚ್ಚೋ ಬಟ್ಟೆ. ಹಿರಿಯರು ಕೇಳೋಕೆ ಸಂಕೋಚ ಪಡೋ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳ್ತೀನಿ, ಅಲ್ಲಿ ಹೆಚ್ಚಿನ ಟಾಯ್ಲೆಟ್ಟುಗಳಲ್ಲಿ ನೀರಿನ ಜೆಟ್ ಇದೆ, ಚಿಂತೆ ಬೇಡ.

ಸಿಮ್ ಅಥವಾ ಇ-ಸಿಮ್ ಇಳಿದ ತಕ್ಷಣ ಏರ್‌ಪೋರ್ಟಲ್ಲೇ ಸಿಗುತ್ತೆ, ಬ್ಯಾಂಕ್ ಒಟಿಪಿ ಬರೋಕೆ ನಮ್ಮ ಸಿಮ್ಮಲ್ಲಿ ರೋಮಿಂಗ್ ಆನ್ ಇರ್ಲಿ. ಗ್ರಾಬ್ ಆ್ಯಪ್ ಇಲ್ಲಿಂದ್ಲೇ ಹಾಕ್ಕೊಂಡು ಹೋಗಿ, ಟ್ಯಾಕ್ಸಿ ಚೌಕಾಸಿ ತಪ್ಪುತ್ತೆ. ಹೋಟೆಲಲ್ಲಿ ಪೊಲೀಸ್ ರಿಜಿಸ್ಟ್ರೇಷನ್‌ಗೆ ಅಂತ ಪಾಸ್‌ಪೋರ್ಟ್ ಕೇಳ್ತಾರೆ, ವಾಪಸ್ ತಗೊಂಡಿದ್ದೀವಾ ಅಂತ ಪ್ರತಿ ಚೆಕ್ ಔಟಲ್ಲೂ ನೋಡ್ಕೊಳಿ.

ಅಲ್ಲಿಗೆ ಹೋದ ಮೇಲೆ

ಟೈಮು ನಮಗಿಂತ ಒಂದೂವರೆ ಗಂಟೆ ಮುಂದೆ. ಬಸ್ ಎಂಟಕ್ಕೆ ಅಂದ್ರೆ ಎಂಟಕ್ಕೆ ಸೀಟಲ್ಲಿ ಕೂತಿರ್ಬೇಕು, ಒಂದು ಮನೆಯವರು ಇಪ್ಪತ್ತು ನಿಮಿಷ ತಡ ಮಾಡಿದ್ರೆ ಉಳಿದ ಮೂವತ್ತು ಜನದ ಮೀ ಸನ್ನೋ ಹೋಯಿ ಆನೋ ಇಪ್ಪತ್ತು ನಿಮಿಷ ಕಮ್ಮಿ ಆಗುತ್ತೆ. ಮುಂದಿನ ಸೀಟನ್ನ ದಿನಕ್ಕೊಬ್ಬರಿಗೆ ಬಿಟ್ಟುಕೊಡೋ ಪದ್ಧತಿ ಮೊದಲ ದಿನವೇ ಮಾಡ್ಕೊಳಿ.

ರಸ್ತೆ ದಾಟೋದು ಒಂದು ವಿದ್ಯೆ. ಸ್ಕೂಟರ್‌ಗಳು ನಿಲ್ಲೋದೇ ಇಲ್ಲ, ನೀವು ನಿಧಾನವಾಗಿ ಒಂದೇ ವೇಗದಲ್ಲಿ ನಡೀತಾ ಹೋಗಿ, ಅವರು ಪಕ್ಕದಿಂದ ಸುತ್ತಿಕೊಂಡು ಹೋಗ್ತಾರೆ, ಮಧ್ಯೆ ನಿಲ್ಲೋದು, ಓಡೋದು, ಹಿಂದಕ್ಕೆ ಬರೋದು ಮಾಡ್ಬೇಡಿ. ಕಾರು ಬಸ್ಸಿಗೆ ಮಾತ್ರ ನಿಂತು ದಾರಿ ಬಿಡಿ. ಸೈಗಾನಲ್ಲಿ ರಸ್ತೆ ಅಂಚಿಗೆ ನಿಂತು ಫೋನ್ ಹಿಡ್ಕೊಂಡು ಮಾತಾಡ್ಬೇಡಿ, ಬೈಕಲ್ಲಿ ಬಂದು ಕಿತ್ಕೊಂಡು ಹೋಗ್ತಾರೆ.

ದಾರೀಲಿ ಮುತ್ತಿನ ಕಾರ್ಖಾನೆ, ರೇಷ್ಮೆ, ಅರಗಿನ ಚಿತ್ರ, ದನಾಂಗ್ ಹತ್ರ ಅಮೃತಶಿಲೆ ಅಂತ ದೊಡ್ಡ ದೊಡ್ಡ ಅಂಗಡಿ ಮುಂದೆ ಬಸ್ ನಿಲ್ಲುತ್ತೆ. ಗೈಡಿಗೆ ಕಮಿಷನ್ ಇರೋದ್ರಿಂದ ನಿಲ್ಲಿಸ್ತಾರೆ, ಟಾಯ್ಲೆಟ್ ಚೆನ್ನಾಗಿರುತ್ತೆ, ಬಳಸ್ಕೊಳಿ, ಕೈ ಕೆಲಸ ನೋಡಿ, ತಗೊಳ್ಳಲೇಬೇಕು ಅಂತಿಲ್ಲ. ದಿನಕ್ಕೆ ಒಂದಕ್ಕಿಂತ ಜಾಸ್ತಿ ಆದ್ರೆ ಎಲ್ಲರೂ ಸೇರಿ ಮ್ಯಾನೇಜರ್‌ಗೆ ಮರ್ಯಾದೆಯಾಗಿ ಹೇಳಿ. ಸೈಗಾನಿನ ಬೆನ್ ಥಾನ್ ಮಾರ್ಕೆಟಲ್ಲಿ ಅವರು ಹೇಳಿದ್ದರ ಅರ್ಧದಿಂದ ಚೌಕಾಸಿ ಶುರು ಮಾಡಬಹುದು, ನಗ್ತಾ ಮಾಡಿ, ತಗೊಳೋ ಮನಸ್ಸಿಲ್ದೆ ರೇಟ್ ಎಳೀಬೇಡಿ. ಅಲ್ಲಿಂದ ನಡ್ಕೊಂಡು ಹೋಗೋ ದೂರದಲ್ಲೇ ತಮಿಳರು ಕಟ್ಟಿದ ಮಾರಿಯಮ್ಮನ ದೇವಸ್ಥಾನ ಇದೆ, ವಿಯೆಟ್ನಾಂ ಜನಾನೂ ಊದುಬತ್ತಿ ಹಚ್ಚಿ ಕೈ ಮುಗೀತಿರ್ತಾರೆ, ಹೋಗಿ ಬನ್ನಿ.

ಹನೋಯಲ್ಲಿ ಹೋ ಚಿ ಮಿನ್ ಅವರ ದೇಹ ಇಟ್ಟಿರೋ ಸಮಾಧಿ ಬೆಳಿಗ್ಗೆ ಮಾತ್ರ ತೆಗೆಯೋದು, ಸೋಮವಾರ ಶುಕ್ರವಾರ ಒಳಗೆ ಬಿಡಲ್ಲ, ನಿಮ್ಮ ಇಟಿನರೀಲಿ ಆ ದಿನವೇ ಹಾಕಿದ್ರೆ ಹೊರಗಿಂದ ಮಾತ್ರ ಅಂತ ಅರ್ಥ. ಒಳಗೆ ಚಡ್ಡಿ, ತೋಳಿಲ್ಲದ ಬಟ್ಟೆ, ಫೋಟೋ, ಮಾತು ಯಾವ್ದೂ ಇಲ್ಲ. ಸೈಗಾನಿನ ವಾರ್ ಮ್ಯೂಸಿಯಂ, ಕು ಚಿ ಸುರಂಗಗಳಲ್ಲೂ ಅದೇ ಗಾಂಭೀರ್ಯ ಇರ್ಲಿ. ಮ್ಯೂಸಿಯಂನ ಏಜೆಂಟ್ ಆರೆಂಜ್ (ಯುದ್ಧದಲ್ಲಿ ಅಮೆರಿಕ ಸುರಿದ ವಿಷದ ರಾಸಾಯನಿಕ) ಕೋಣೆಯ ಫೋಟೋಗಳು ತುಂಬಾ ಕಷ್ಟ, ಸಣ್ಣ ಮಕ್ಕಳನ್ನ ಒಳಗೆ ಕರ್ಕೊಂಡೋಗೋದು ಬೇಡ ಅಂತ ನನ್ನ ಅನಿಸಿಕೆ. ಕು ಚಿ ಸುರಂಗ ಪ್ರವಾಸಿಗರಿಗೆ ಅಂತ ಅಗಲ ಮಾಡಿದ್ರೂ ಬಗ್ಗಿಕೊಂಡೇ ಹೋಗ್ಬೇಕು, ಉಬ್ಬಸ, ಬೆನ್ನು ನೋವು ಇರೋರು ಇಳೀಬೇಡಿ, ಮೇಲ್ಗಡೆಯಿಂದ್ಲೇ ನೋಡೋಕೆ ಸಾಕಷ್ಟಿದೆ.

ವಾಪಸ್ ಬಂದ ಮೇಲೆ ಒಂದು ಕೆಲಸ

ಪ್ಯಾಕೇಜಿನ ಮೇಲೆ ಟಿಸಿಎಸ್ ಅಂತ ಕಟ್ಟಿಸ್ಕೊಂಡಿರ್ತಾರಲ್ಲ, ಅದು ಹೋದ ದುಡ್ಡಲ್ಲ, ನಿಮ್ಮ ಪ್ಯಾನ್ ಹೆಸರಲ್ಲಿ ಇನ್‌ಕಮ್ ಟ್ಯಾಕ್ಸ್‌ಗೆ ಜಮಾ ಆಗಿರೋ ದುಡ್ಡು. ಎಷ್ಟು ಪರ್ಸೆಂಟ್ ಅನ್ನೋದನ್ನ ಬಜೆಟ್‌ಗಳಲ್ಲಿ ಬದಲಾಯಿಸ್ತಾ ಇರ್ತಾರೆ, ಹಾಗಾಗಿ ಬಿಲ್ಲಲ್ಲಿ ಅದನ್ನ ಬೇರೆ ಸಾಲಲ್ಲಿ ತೋರಿಸೋಕೆ ಹೇಳಿ. ರಿಟರ್ನ್ ಹಾಕುವಾಗ 26 ಎಎಸ್ (ನಿಮ್ಮ ಪ್ಯಾನ್ ಮೇಲೆ ಜಮಾ ಆದ ಟ್ಯಾಕ್ಸಿನ ಪಟ್ಟಿ) ತೆಗೆದು ಆ ಮೊತ್ತ ಬಂದಿದೆಯಾ ನೋಡಿ, ಬಂದಿದ್ರೆ ನಿಮ್ಮ ಟ್ಯಾಕ್ಸಿಗೆ ಹೊಂದಿಸ್ಕೋಬಹುದು, ಟ್ಯಾಕ್ಸೇ ಇಲ್ಲ ಅಂದ್ರೆ ರೀಫಂಡ್ ಬರುತ್ತೆ. ಅಪ್ಪ ಅಮ್ಮನ ಹೆಸರಲ್ಲಿ ಬುಕ್ ಮಾಡಿ ಅವರ ಪ್ಯಾನ್ ಕೊಟ್ಟಿದ್ರೆ ಅವರ ರಿಟರ್ನೇ ಹಾಕ್ಬೇಕು. ಪೆನ್ಷನ್ ಕಮ್ಮಿ ಅಂತ ರಿಟರ್ನ್ ಹಾಕದೆ ಇರೋ ಹಿರಿಯರ ದುಡ್ಡು ಅಲ್ಲೇ ಉಳಿದುಬಿಡುತ್ತೆ, ಕೊನೇ ತಾರೀಖಿನ ಮುಂಚೆ ಯಾರಾದ್ರೂ ಮಕ್ಕಳು ಕೂತು ಹಾಕಿಕೊಡಿ. ಬಿಲ್ಲು ಮತ್ತೆ ಟಿಸಿಎಸ್ ಸರ್ಟಿಫಿಕೇಟನ್ನ ಟೂರ್‌ನೋರಿಂದ ಮೇಲಲ್ಲಿ ತರಿಸಿಟ್ಕೊಳಿ.